ಒಂದು ನೂಲು ಆಚೆ

ಮೇ ೧೧

ಮಗಳೇ,

ಪತ್ರದ ತಲೆಯಲ್ಲಿ ಕ್ಷೇಮಸಮಾಚಾರ ಬರೆಯಬೇಕು. ನಾನು ಚೆನ್ನಾಗಿದ್ದೇನೆ, ನಿನ್ನ ಸೋದರತ್ತೆ ಚೆನ್ನಾಗಿದ್ದಾಳೆ, ಗರಗಸ ಚೆನ್ನಾಗಿದೆ. ನಿನ್ನದು ನೀನೇ ಬರಿ. ಫೋನಿನಲ್ಲಿ ನೀನು ಹೇಳಿದ್ದರಲ್ಲಿ ನನಗೆ ಅರ್ಧವೂ ಕೇಳಿಸಲಿಲ್ಲ. ಮರ ಕೊಯ್ಯುವ ಮಿಷನ್ನಿನ ಪಕ್ಕದಲ್ಲೇ ಸವೆದ ಕಿವಿ ಇದು. ಕಡೆಗೆ ಅಳಿಯ ಕೂತು ವಿವರಿಸಿದ: ಹೆರಿಗೆಯಾಗುವ ತನಕ ನೀನು ಆಸ್ಪತ್ರೆಯ ಮಂಚ ಬಿಟ್ಟು ಇಳಿಯುವಂತಿಲ್ಲ, ಜೋರಾಗಿ ನಗುವಂತಿಲ್ಲ, ಕೆಮ್ಮುವಂತಿಲ್ಲ. ನಿನ್ನ ಅತ್ತೆ ಕೇಳಿಸಿಕೊಂಡು, "ಇವಳು ತೊಟ್ಟಿಲಲ್ಲೇ ನೆಟ್ಟಗೆ ಮಲಗಿದೋಳಲ್ಲ, ಈಗ ಮಲಗ್ತಾಳಾ?" ಅಂದಳು. ಅಂದ ಮೇಲೆ ತೊಟ್ಟಿಲು ಎಂದದ್ದಕ್ಕೆ ನಾಲಗೆ ಕಚ್ಚಿಕೊಂಡು ಒಳಗೆ ಹೋದಳು.

ಅಳಿಯನೇ ರೈಲಿನ ಗಾರ್ಡ್ ಆಗಿರುವಾಗ ಅಂಚೆಯವರ ಹಂಗು ನಮಗೇಕೆ? ಅವನ ಗಾಡಿ ವಾರಕ್ಕೊಮ್ಮೆ ನೀನಿರುವ ಊರಿಗೆ ಬರುತ್ತದೆ. ಅವನ ಕೈಯಲ್ಲಿ ಕೊಡುತ್ತೇನೆ, ಅವನ ಕೈಯಲ್ಲೇ ಕೊಟ್ಟು ಕಳಿಸು.

ಶೆಡ್ಡಿನ ಹಿಂದಿರುವ ನಿಮ್ಮ ಎರಡು ಕೋಣೆಗಳ ಬಾಗಿಲು ತೆಗೆದು ಗಾಳಿಯಾಡಿಸುತ್ತಿದ್ದೇನೆ. ನಿನ್ನೆ ಮಧ್ಯಾಹ್ನ ಹೊಲಿಗೆ ಮಿಷನ್ನಿಗೆ ಎಣ್ಣೆ ಬಿಡೋಣವೆಂದು ಹೋದೆ. ಕಿಟಕಿಯಿಂದ ಬಿಸಿಲು ಓರೆಯಾಗಿ ಬಿದ್ದಿತ್ತು. ನಮ್ಮ ಮರದ ಪುಡಿ ಅಲ್ಲಿಗೂ ಬಂದು ಗಾಳಿಯಲ್ಲಿ ನಿಂತಿತ್ತು. ಮಿಷನ್ನಿನ ಕೆಳಗೆ ಒಂದು ರಟ್ಟಿನ ಪೆಟ್ಟಿಗೆ. ಅದರೊಳಗೆ ನೀಲಿ, ಬೂದಿ, ಸಾಸಿವೆ ಬಣ್ಣದ ಬಟ್ಟೆತುಂಡುಗಳು, ಬಿಳಿಯ ಚೌಕಗಳು, ಮೇಲೆ ನೀನು ಬಿಡಿಸಿದ, ತುಂಡು ಜೋಡಿಸಿ ಹೊಲಿಯುವ ಪುಟ್ಟ ಕೌದಿಯ ಚಿತ್ರ. "ಹಾರುವ ಬಾತು" ಎಂದು ಬರೆದಿದ್ದೆ. ತ್ರಿಕೋನದ ಹಿಂದೆ ತ್ರಿಕೋನ. ನೋಡುತ್ತಾ ಕೂತೆ. ಬಹಳ ಹೊತ್ತು ಕೂತಿದ್ದೆ ಅಂತ ನಿನ್ನ ಅತ್ತೆ ಹೇಳುತ್ತಾಳೆ. ಎದ್ದಾಗ ಎರಡು ಬಾತು ಹೊಲಿದು ಒಂದಕ್ಕೊಂದು ಜೋಡಿಸಿಬಿಟ್ಟಿದ್ದೆ. ಕಳಿಸಿದ್ದೇನೆ, ನೋಡು. ಮರಕ್ಕಿಂತ ಸುಲಭ.

ಇಂತಿ,
ಅಪ್ಪ


ಮೇ ೧೯

ಅಪ್ಪಾ,

ಪೆಟ್ಟಿಗೆಯನ್ನು ಮುಚ್ಚಿಡು. ನಾನು ಅದನ್ನು ಮರೆತು ಬಂದದ್ದಲ್ಲ, ಬಿಟ್ಟು ಬಂದದ್ದು.

ಹೋದ ಸಲ ಎಲ್ಲವೂ ಮುಂಚೆಯೇ ತಯಾರಾಗಿತ್ತು. ಅದಕ್ಕಿಂತ ಹೆಚ್ಚು ಬರೆಯುವುದು ನನ್ನಿಂದಾಗದು.

ಊಟ ಸರಿಯಾಗಿದೆ. ಸೊಳ್ಳೆ ಇಲ್ಲ.

ನಿನ್ನ ಮಗಳು


ಮೇ ೨೬

ಮಗಳೇ,

ಮುಚ್ಚಿಟ್ಟೆ. ಮೇಲೆ ಒಂದು ಹಲಗೆಯನ್ನೂ ಇಟ್ಟಿದ್ದೇನೆ.

ಈ ವಾರ ಒಂದು ಶಾಲೆಯ ಬೆಂಚುಗಳ ಕೆಲಸ. ನಿನ್ನ ಅತ್ತೆ ಮಹಡಿಯಿಂದ ಇಳಿದು ಬಂದು ಪ್ರತಿ ಬೆಂಚಿನ ಮೇಲೂ ಕೂತು ನೋಡಿದಳು. "ಇದು ಅಲ್ಲಾಡ್ತದೆ" ಅಂದಳು. "ನೀನು ಕೂತರೆ ಭೂಮಿನೂ ಅಲ್ಲಾಡ್ತದೆ" ಅಂದೆ. ಎರಡು ದಿನ ಮಾತಿಲ್ಲ. ಹಾಗಾಗಿ ಮನೆ ನಿಶ್ಶಬ್ದವಾಗಿದೆ, ಹೇಳುವಂಥದ್ದು ಬೇರೇನೂ ಇಲ್ಲ.

ನಿನ್ನ ಮಂಚದ ಪಕ್ಕ ಕಿಟಕಿ ಇದೆಯೇ? ಅಳಿಯನನ್ನು ಕೇಳಿದರೆ "ಗಮನಿಸಲಿಲ್ಲ ಮಾವ" ಅನ್ನುತ್ತಾನೆ. ಹಸಿರು ಬಾವುಟ, ಕೆಂಪು ಬಾವುಟ ಬಿಟ್ಟರೆ ಅವನಿಗೆ ಇನ್ನೇನೂ ಕಾಣುವುದಿಲ್ಲವೇನೋ.

ಇಂತಿ,
ಅಪ್ಪ


ಜೂನ್ ೯

ಅಪ್ಪಾ,

ಕಿಟಕಿ ಇದೆ. ಮಲಗಿದರೆ ಅದರಲ್ಲಿ ಆಕಾಶ ಮಾತ್ರ ಕಾಣುತ್ತದೆ, ನೆಲ ಕಾಣುವುದಿಲ್ಲ. ಹಾಗಾಗಿ ಈ ಕೋಣೆ ಎಲ್ಲೋ ಎತ್ತರದಲ್ಲಿ ತೇಲುತ್ತಿದೆ ಅನ್ನಿಸುತ್ತದೆ. ಹೊರಗೆ ಗಾಲಿಗಾಡಿಯ ಸದ್ದು ಹತ್ತಿರ ಬಂದು ದೂರ ಹೋಗುತ್ತದೆ. ಮಧ್ಯಾಹ್ನ ಎಲ್ಲರೂ ನಿದ್ದೆ ಹೋದಾಗ ಪರದೆಗಳು ಮಾತ್ರ ಉಸಿರಾಡುತ್ತವೆ.

ನೀನು ಕಳಿಸಿದ ಆ ಎರಡು ಬಾತುಗಳನ್ನು ದಿಂಬಿನ ಕೆಳಗೆ ಹಾಕಿದ್ದೆ. ನೋಡಬಾರದೆಂದುಕೊಂಡರೂ ಕೈ ಅಲ್ಲಿಗೇ ಹೋಗುತ್ತದೆ. ಪರದೆ ಅಂಗಡಿಯಲ್ಲಿ ಇಷ್ಟು ವರ್ಷ ಹೊಲಿದವಳು ನಾನು. ಅಪ್ಪಾ, ಅವಕ್ಕೆ ಕೊಕ್ಕೇ ಇಲ್ಲ! ಎರಡರ ತುದಿಯನ್ನೂ ಹೊಲಿಗೆ ನುಂಗಿಬಿಟ್ಟಿದೆ. ಹಾರುವ ಬಾತಲ್ಲ ಇದು, ಗೋಡೆಗೆ ಮೂತಿ ಗುದ್ದಿಕೊಂಡ ಬಾತು. ಪಕ್ಕದ ಮಂಚದ ಟೀಚರ್, ಅವಳ ಹೊಟ್ಟೆಯಲ್ಲಿ ಅವಳಿ ಮಕ್ಕಳಂತೆ, ಅವಳೂ ನೋಡಿ "ಅಯ್ಯೋ ಪಾಪ" ಅಂದಳು. ಇಂಥದ್ದನ್ನು ಕಣ್ಣಮುಂದೆ ಇಟ್ಟುಕೊಂಡು ನಾನು ಸುಮ್ಮನೆ ಮಲಗುವುದು ಹೇಗೆ?

ಹಲಗೆ ಎತ್ತಿ ಪೆಟ್ಟಿಗೆ ತೆಗಿ. ನಿಧಾನವಾಗಿ ಓದು.

ಎರಡೂವರೆ ಇಂಚು ಅಗಲ, ನಾಲ್ಕೂವರೆ ಇಂಚು ಉದ್ದದ ಬಣ್ಣದ ತುಂಡು ಬಾತು. ಎರಡೂವರೆ ಇಂಚಿನ ಬಿಳಿ ಚೌಕಗಳು ಆಕಾಶ. ಚೌಕದ ಹಿಂಬದಿಗೆ ಮೂಲೆಯಿಂದ ಮೂಲೆಗೆ ಪೆನ್ಸಿಲ್ ಗೆರೆ ಎಳೆ. ಬಣ್ಣದ ತುಂಡಿನ ಒಂದು ತುದಿಗೆ ಮುಖಕ್ಕೆ ಮುಖ ಇಟ್ಟು ಹೊಲಿ. ಗೆರೆ ತುಂಡಿನ ಮೇಲಂಚಿನ ನಡುವಿನಿಂದ ಕೆಳಗಿನ ಮೂಲೆಗೆ ಇಳಿಯಬೇಕು. ಗುಟ್ಟು ಇಲ್ಲಿದೆ: ಗೆರೆಯ ಮೇಲೆ ಹೊಲಿಯಬೇಡ. ಗೆರೆಯಿಂದ ಒಂದು ನೂಲು ಆಚೆ, ಕತ್ತರಿಸಿ ಬಿಸಾಡುವ ಮೂಲೆಯ ಕಡೆಗೆ ಹೊಲಿ. ಬಟ್ಟೆ ಮಡಚಿಕೊಳ್ಳುವಾಗ ಆ ಮಡಿಕೆಯೇ ಸ್ವಲ್ಪ ತಿಂದುಬಿಡುತ್ತದೆ. ನಿನ್ನ ಗರಗಸ ಹಲಗೆಯಲ್ಲಿ ತನ್ನ ಪಾಲು ತಿನ್ನುವುದಿಲ್ಲವೇ, ಹಾಗೆ. ಆಮೇಲೆ ಕಾಲು ಇಂಚು ಬಿಟ್ಟು ಮೂಲೆ ಕತ್ತರಿಸು, ಬಿಳಿಯನ್ನು ಆಚೆಗೆ ತಿರುಗಿಸು. ಇನ್ನೊಂದು ತುದಿಗೂ ಹಾಗೆಯೇ. ಬಾತಿನ ಕೊಕ್ಕು ಮೇಲಿನ ಅಂಚಿನಿಂದ ಸರಿಯಾಗಿ ಕಾಲು ಇಂಚು ಕೆಳಗೆ ನಿಲ್ಲಬೇಕು. ಆ ಕಾಲು ಇಂಚು ಜೋಡಿಸುವ ಹೊಲಿಗೆಗೆ. ನೀನು ಗಟ್ಟಿಯಾಗಲಿ ಎಂದು ಅರ್ಧ ಇಂಚು ಹಿಡಿದಿದ್ದೀಯ. ಬಟ್ಟೆ ಬಾಗಿಲ ಚೌಕಟ್ಟಲ್ಲ.

ಇದು ಯಾರಿಗಾಗಿ ಎಂದು ಪತ್ರದಲ್ಲಿ ಬರೆಯಬೇಡ. ಸುಮ್ಮನೆ ಹೊಲಿ.

ನಿನ್ನ ಮಗಳು


ಜೂನ್ ೧೬

ಮಗಳೇ,

ನೀನು ಹೇಳಿದ್ದನ್ನು ಚಾಚೂತಪ್ಪದೆ ಮಾಡಿದ್ದೇನೆ. ಮೂಲೆಮಟ್ಟ ಇಟ್ಟು ಗೆರೆ ಎಳೆದೆ. ಗೆರೆಯಿಂದ ಒಂದು ನೂಲು ಆಚೆ ಇನ್ನೊಂದು ಗೆರೆ ಎಳೆದು, ಅದರ ಮೇಲೆಯೇ ಹೊಲಿದೆ. ಕಾಲು ಇಂಚೂ ಸರಿಯಾಗಿದೆ. ಆದರೂ ಮುಂಡೇವು ಕೊಕ್ಕು ಕಳೆದುಕೊಂಡಿವೆ! ಮೂಲೆಗಳಲ್ಲಿ ಬಿಳಿ ಬಟ್ಟೆ ಹೊರಗೆ ಚಾಚಿಕೊಂಡಿದೆ. ಪೆಟ್ಟಿಗೆಯ ಬಟ್ಟೆಯಲ್ಲಿ ಮುಕ್ಕಾಲು ಪಾಲು ಮುಗಿದ ಮೇಲೆ ನನಗೆ ಅನುಮಾನ ಬಂತು.

ನಿನ್ನ ಅತ್ತೆ ಇವನ್ನೆಲ್ಲ ಮಂಚದ ಮೇಲೆ ಹರಡಿ ನೋಡಿ, "ಇಷ್ಟೊಂದು ಬಾತಿಗೂ ಒಟ್ಟಿಗೆ ಏನೋ ರೋಗ ಬಂದಿರ್ಬೇಕು" ಅಂದಳು. ತಪ್ಪು ಎಲ್ಲಿದೆ, ಹೇಳು.

ಇಂತಿ,
ಅಪ್ಪ


ಜೂನ್ ೨೩

ಅಪ್ಪಾ,

"ಒಂದು ನೂಲು ಆಚೆ ಇನ್ನೊಂದು ಗೆರೆ ಎಳೆದೆ" ಎಂದು ಓದಿದಾಗ ಮೊದಲು ಅರ್ಥವಾಗಲಿಲ್ಲ. ಅಷ್ಟು ಸಣ್ಣ ಜಾಗದಲ್ಲಿ ಅಪ್ಪ ಗೆರೆ ಹೇಗೆ ಎಳೆದ ಅಂದುಕೊಂಡೆ. ಆಮೇಲೆ ನೆನಪಾಯಿತು. ನಿಮ್ಮ ಮರಗೆಲಸದಲ್ಲಿ ಇಂಚಿಗೆ ಎಂಟು ನೂಲು! ನೀನು ಇಂಚಿನ ಎಂಟನೇ ಒಂದು ಭಾಗ ಆಚೆ ಹೋಗಿದ್ದೀಯ. ನಾನು ಹೇಳಿದ್ದು ನೂಲು ಅಂದರೆ ನೂಲು ಕಣಪ್ಪ, ದಾರ, ಬಟ್ಟೆಯ ಒಂದು ಎಳೆ!

ನಗು ತಡೆಯಲಾಗಲಿಲ್ಲ. ಟೀಚರಿಗೆ ಹೇಳಿದೆ, ಅವಳು ಆಚೆ ಮಂಚಕ್ಕೆ ಹೇಳಿದಳು, ಇಡೀ ವಾರ್ಡೇ ಹೊಟ್ಟೆ ಹಿಡಿದುಕೊಂಡು ನಕ್ಕಿತು. ಇಲ್ಲಿ ಹೊಟ್ಟೆ ಹಿಡಿದುಕೊಳ್ಳುವುದು ಸಣ್ಣ ಮಾತಲ್ಲ. ಡಾಕ್ಟರಮ್ಮ ಓಡಿಬಂದು, "ಇಲ್ಲಿ ಯಾರಮ್ಮ ನಗಿಸ್ತಾ ಇರೋದು?" ಅಂದರು. "ನಮ್ಮಪ್ಪ" ಅಂದೆ. "ಅವರನ್ನ ಒಳಗೆ ಬಿಟ್ಟೋರ್ಯಾರು?" ಅಂದರು. ಅದಕ್ಕೆ ಇನ್ನಷ್ಟು ನಕ್ಕೆವು.

ಬಟ್ಟೆ ಮುಗಿಯಿತೆಂದು ಕೊರಗಬೇಡ. ಇನ್ನೊಂದು ದಾರಿ ಇದೆ, ಅದರಲ್ಲಿ ಒಂದೇ ಸಲಕ್ಕೆ ನಾಲ್ಕು ಬಾತು ಏಳುತ್ತವೆ, ಬಟ್ಟೆ ಪೋಲಾಗುವುದಿಲ್ಲ. ಕೊಟ್ಟಿಗೆಯಂಥ ಆ ನನ್ನ ಕಪಾಟಿನ ಕೆಳಗಿನ ಅರೆಯಲ್ಲಿ ಪರದೆ ಅಂಗಡಿಯಿಂದ ತಂದ ತುಂಡುಗಳಿವೆ. ಬಣ್ಣದ್ದರಲ್ಲಿ ಐದೂಕಾಲು ಇಂಚಿನ ದೊಡ್ಡ ಚೌಕ ಒಂದು. ಬಿಳಿಯಲ್ಲಿ ನಾಲ್ಕು ಚಿಕ್ಕ ಚೌಕ, ಒಂದೊಂದೂ ಮೂರು ಇಂಚಿಗೆ ಒಂದು ನೂಲು ಕಡಿಮೆ. ಈ ನೂಲು ನಿನ್ನ ನೂಲು! ಎರಡು ಚಿಕ್ಕ ಚೌಕಗಳನ್ನು ದೊಡ್ಡದರ ಎದುರುಬದುರು ಮೂಲೆಗಳಿಗೆ ಇಡು. ನಡುವೆ ಒಂದರ ಮೇಲೊಂದು ಸ್ವಲ್ಪ ಏರಿ ಕೂರುತ್ತವೆ, ಕೂರಲಿ. ಎರಡಕ್ಕೂ ಹಾಯುವಂತೆ ಮೂಲೆಯಿಂದ ಮೂಲೆಗೆ ಒಂದೇ ಗೆರೆ. ಗೆರೆಯ ಎರಡೂ ಬದಿಗೆ ಕಾಲು ಇಂಚಿನಲ್ಲಿ, ಅದೂ ಕೂದಲೆಳೆಯಷ್ಟು ಒಳಗೆ, ಹೊಲಿ. ಗೆರೆಯ ಮೇಲೆ ಕತ್ತರಿಸಿ ಬಿಡಿಸಿದರೆ ಹೃದಯದ ಆಕಾರದ ಎರಡು ತುಂಡು ಕೈಗೆ ಬರುತ್ತವೆ. ಒಂದೊಂದರ ಉಳಿದ ಮೂಲೆಗೆ ಇನ್ನೊಂದು ಚೌಕ ಇಟ್ಟು, ಗೆರೆ ಮೂಲೆಯಿಂದ ನಡುವಿನ ಸೀಳಿನತ್ತ ಹೋಗುವ ಹಾಗೆ, ಮತ್ತೆ ಎರಡು ಬದಿಗೂ ಹೊಲಿದು ಕತ್ತರಿಸು. ನಾಲ್ಕೂ ಹಾರುತ್ತವೆ.

ಇಸ್ತ್ರಿಪೆಟ್ಟಿಗೆಯನ್ನು ಹಲಗೆ ನುಣುಪು ಮಾಡಲು ತೋಪಡ ಹೊಡೆದ ಹಾಗೆ ತಳ್ಳಬೇಡ. ಓರೆಯಾಗಿ ಕತ್ತರಿಸಿದ ಅಂಚು ರಬ್ಬರಿನಂತೆ ಹಿಗ್ಗುತ್ತದೆ. ಕತ್ತರಿಸುವ ಮುಂಚೆಯೇ ಬಟ್ಟೆಗೆ ತೆಳುವಾಗಿ ಗಂಜಿ ಹಾಕು. ಇಸ್ತ್ರಿ ಇಡು, ಎತ್ತು. ಇಡು, ಎತ್ತು.

ನಿನ್ನ ಮಗಳು


ಜುಲೈ ೭

ಮಗಳೇ,

ಈ ಸಲ ಪತ್ರದ ಜೊತೆ ನಾಲ್ಕು ಬಾತು ಬರುತ್ತಿವೆ. ಅಳತೆ ಹಿಡಿದು ನೋಡು. ಬೈಯಲು ಏನೂ ಸಿಗದಿದ್ದರೆ ಅದನ್ನು ಬಾಯಿಬಿಟ್ಟು ಹೇಳು, ಮನಸ್ಸಿನಲ್ಲೇ ಇಟ್ಟುಕೊಳ್ಳಬೇಡ.

ಮಿಷನ್ನಿನ ಸೂಜಿಯಿಂದ ಕಾಲು ಇಂಚಿಗೆ ಕೂದಲೆಳೆ ಕಡಿಮೆ ದೂರದಲ್ಲಿ ಒಂದು ತೆಳು ಮರದ ಪಟ್ಟಿ ಅಂಟಿಸಿದ್ದೇನೆ. ಬಟ್ಟೆಯ ಅಂಚು ಅದಕ್ಕೆ ಒರಗಿಕೊಂಡೇ ಸಾಗುತ್ತದೆ, ದಾರಿ ತಪ್ಪುವುದಿಲ್ಲ. ಮೊದಲು ಒಂದೂವರೆ ಇಂಚಿನ ಮೂರು ಚಿಂದಿ ಜೋಡಿಸಿ ಅಳೆದೆ. ನಡುವಿನದು ಸರಿಯಾಗಿ ಒಂದು ಇಂಚು ಬರುವ ತನಕ ಪಟ್ಟಿಯನ್ನು ಕಿತ್ತು ಕಿತ್ತು ಅಂಟಿಸಿದೆ.

ಬಟ್ಟೆ ವಿಚಿತ್ರ ವಸ್ತು. ಮರವನ್ನು ನಾನು ಗಟ್ಟಿಯಾಗಿ ಹಿಡಿದರೆ ಅದು ನನ್ನ ಮಾತು ಕೇಳುತ್ತದೆ. ಬಟ್ಟೆಯನ್ನು ಗಟ್ಟಿಯಾಗಿ ಹಿಡಿದಷ್ಟೂ ಅದು ಸೊಟ್ಟಗಾಗುತ್ತದೆ. ಕೈ ಸುಮ್ಮನೆ ಮೇಲೆ ಇರಬೇಕು ಅಷ್ಟೆ, ಎಳೆಯಬಾರದು, ತಳ್ಳಬಾರದು. ಈ ವಯಸ್ಸಿನಲ್ಲಿ ಈ ಪಾಠ.

ಮಧ್ಯಾಹ್ನ ಮಿಷನ್ನಿನ ಮೇಲೆ ತಲೆಯಿಟ್ಟು ನಿದ್ದೆ ಹೋಗಿಬಿಟ್ಟೆ. ಕನಸಿನಲ್ಲಿ ಶೆಡ್ಡಿನ ಮಾಡು ಇರಲಿಲ್ಲ. ಬಾತುಗಳು ಸಾಲುಸಾಲಾಗಿ ಬರುತ್ತಿದ್ದವು, ರೆಕ್ಕೆ ಬಡಿಯುತ್ತಿರಲಿಲ್ಲ, ಹರಿಯುವ ನೀರಿನ ಮೇಲೆ ಎಲೆ ಹೋದ ಹಾಗೆ ಹೋಗುತ್ತಿದ್ದವು. ಆಶ್ಚರ್ಯವೆಂದರೆ ನನ್ನ ಕಿವಿ ಚೆನ್ನಾಗಿ ಕೇಳಿಸುತ್ತಿತ್ತು. ಬಹಳ ಮೇಲೆ, ಬಹಳ ಮೆತ್ತಗೆ, ಅವು ಒಂದನ್ನೊಂದು ಕರೆಯುತ್ತಿದ್ದವು. ಎಚ್ಚರವಾದಾಗ ಕೆನ್ನೆಯ ಮೇಲೆ ದಾರದ ಗುರುತು.

ಸಾಲುಗಳನ್ನು ಜೋಡಿಸಬೇಕು. ಇವು ಯಾವ ಕಡೆಗೆ ಹಾರಬೇಕು? ನೀನು ಚಿತ್ರದಲ್ಲಿ ಬರೆದಿಲ್ಲ.

ಇಂತಿ,
ಅಪ್ಪ


ಜುಲೈ ೧೪

ಅಪ್ಪಾ,

ಬೈಯಲು ಏನೂ ಸಿಗಲಿಲ್ಲ. ಕೊಕ್ಕು ಎಷ್ಟು ಚೂಪಾಗಿದೆಯೆಂದರೆ ಟೀಚರ್ ಬೆರಳಿಟ್ಟು, "ಚುಚ್ಚುತ್ತೆ" ಅಂದಳು. ಅವಳು ನಿನ್ನೆ ಹೆರಿಗೆಯಾಗಿ ಬೇರೆ ವಾರ್ಡಿಗೆ ಹೋದಳು. ಎರಡೂ ಮಕ್ಕಳು ಚೆನ್ನಾಗಿವೆಯಂತೆ. ಆ ಮಂಚ ಖಾಲಿಯಿದೆ, ಬೆಡ್‌ಶೀಟು ಬದಲಾಯಿಸಿದ್ದಾರೆ, ನಾನು ಆ ಕಡೆ ನೋಡುವುದಿಲ್ಲ.

ಜೋಡಿಸುವಾಗ ಹಿಂಬದಿಯಲ್ಲಿ ಎರಡು ಹೊಲಿಗೆಗಳು ಕತ್ತರಿಯಂತೆ ಒಂದನ್ನೊಂದು ದಾಟುವ ಜಾಗ ಕಾಣುತ್ತದೆ. ಆ ಬದಿ ಮೇಲಿರುವಂತೆ ಇಟ್ಟು, ಅವು ದಾಟುವ ಬಿಂದುವಿನ ಮೂಲಕವೇ ಸೂಜಿ ಹಾಯಿಸು. ಅದೇ ಕೊಕ್ಕಿನ ತುದಿ. ಪಟ್ಟಿ ಒಂದು ಹೇಳಿದರೆ, ಬಿಂದು ಇನ್ನೊಂದು ಹೇಳಿದರೆ, ಬಿಂದುವಿನ ಮಾತು ಕೇಳು.

ಯಾವ ಕಡೆಗೆ ಎಂದು ಕೇಳಿದ್ದೀಯ. ಈ ಒಂದು ಪ್ರಶ್ನೆಯನ್ನು ಇಡೀ ವಾರ ಮಂಚದ ಮೇಲೆ ಇಟ್ಟುಕೊಂಡಿದ್ದೆ. ಚಾವಣಿಯ ಬಿಳಿಯ ಮೇಲೆ ಅವನ್ನು ಆ ಕಡೆ ಹಾರಿಸಿದೆ, ಈ ಕಡೆ ಹಾರಿಸಿದೆ. ಕಾಲಿನ ಕಡೆಗೆ ಹಾರಿದರೆ ಹೊರಟುಹೋಗುತ್ತಿವೆ ಅನ್ನಿಸುತ್ತದೆ. ತಲೆಯ ಕಡೆಗೆ ಹಾರಿದರೆ ಬರುತ್ತಿವೆ ಅನ್ನಿಸುತ್ತದೆ. ತಲೆಯ ಕಡೆಗೇ ಇರಲಿ.

ಮಧ್ಯಾಹ್ನದ ಹೊತ್ತಿನಲ್ಲಿ ಇದು ಒಳಗೆ ಹೊರಳುತ್ತದೆ ಅಪ್ಪಾ. ಒಂದು ಕಡೆಯಿಂದ ಇನ್ನೊಂದು ಕಡೆಗೆ, ನಿಧಾನವಾಗಿ. ನಿನ್ನ ಬಾತುಗಳನ್ನು ಹೊಟ್ಟೆಯ ಮೇಲೆ ಇಟ್ಟುಕೊಂಡರೆ ಅವೂ ಅಲ್ಲಾಡುತ್ತವೆ. ಇದನ್ನು ನಾನು ಇವರಿಗೂ ಹೇಳಿಲ್ಲ. ಹೇಳಿದರೆ ಎಲ್ಲಿ ನಿಂತುಬಿಡುತ್ತದೋ ಎಂದು. ಬರೆಯುವುದು ಹೇಳಿದ ಹಾಗಲ್ಲ ಅಂದುಕೊಂಡಿದ್ದೇನೆ.

ನಿನ್ನ ಮಗಳು


ಜುಲೈ ೨೧

ಮಗಳೇ,

ಇವತ್ತು ಅಳಿಯ ಬರಿಗೈಯಲ್ಲಿ ಬಂದ. "ಅವಳು ನಿದ್ದೆ ಮಾಡ್ತಿದ್ಲು ಮಾವ, ಎಬ್ಬಿಸಲಿಲ್ಲ" ಅಂದ. ನನ್ನ ಮುಖ ನೋಡಿ ಹೇಳಲಿಲ್ಲ. ಊಟಕ್ಕೂ ನಿಲ್ಲದೆ ರಜೆ ಚೀಟಿ ಬರೆದು ಮತ್ತೆ ಅದೇ ಗಾಡಿ ಹತ್ತಿದ.

ನಾನು ಏನೂ ಕೇಳುವುದಿಲ್ಲ. ಸಾಲುಗಳೆಲ್ಲ ಜೋಡಿಸಿ ಆಗಿದೆ. ಹತ್ತಿ ತುಂಬಿಸಲು ಸಮಯ ಸಾಲದು ಅನ್ನಿಸಿತು, ಅದಕ್ಕೆ ಹಿಂದೆ ಮೆತ್ತನೆಯ ಹಳೆಯ ತೆಳು ಹೊದಿಕೆಯೊಂದನ್ನು ಹಾಕಿ ಅಂಚು ಕಟ್ಟುತ್ತಿದ್ದೇನೆ. ನಿನ್ನ ಅತ್ತೆ ತಾನಾಗಿಯೇ ಬಂದು ಆ ಕಡೆಯ ಅಂಚು ಹಿಡಿದಳು.

ಬರೆಯಲಾಗದಿದ್ದರೆ ಖಾಲಿ ಕಾಗದವನ್ನಾದರೂ ಮಡಚಿ ಕಳಿಸು.

ಇಂತಿ,
ಅಪ್ಪ


ಆಗಸ್ಟ್ ೬

ಅಪ್ಪಾ,

ಈಗ ಎದ್ದು ಕೂರಲು ಬಿಡುತ್ತಾರೆ. ಮೊದಲ ಪತ್ರ ನಿನಗೇ.

ನೀನು ಬಂದದ್ದು ನನಗೆ ಅರ್ಧ ಕನಸಿನಂತೆ ನೆನಪಿದೆ. ನೀನು ಬಾಗಿಲಲ್ಲಿ ಚಪ್ಪಲಿ ಬಿಟ್ಟು ನಿಂತಿದ್ದೆ, ಕೂದಲಲ್ಲಿ ಮರದ ಪುಡಿ, ಎದೆಗೆ ಒಂದು ಗಂಟು. ಏನೋ ಹೇಳಲು ಬಾಯಿ ತೆರೆದೆ, ಆಮೇಲೆ "ಅಂಚಿನಲ್ಲಿ ಒಂದು ಕಡೆ ಸುಕ್ಕು ಬಿದ್ದಿದೆ" ಅಂದೆ. ಗಂಟನ್ನು ಮಂಚದ ಮೇಲಿಟ್ಟು ಹೊರಗೆ ಹೋದೆ. ಎರಡು ದಿನ ಬೆಂಚಿನ ಮೇಲೆ ಕೂತು ಸೊಂಟ ಹಿಡಿಸಿಕೊಂಡೆ ಎಂದು, ಇವರು ಬಲವಂತವಾಗಿ ರೈಲು ಹತ್ತಿಸಿದರು ಎಂದು ಆಮೇಲೆ ತಿಳಿಯಿತು. ಮಗುವಿನ ಕೋಣೆಯೊಳಗೆ ನಿನ್ನನ್ನು ಬಿಡಲಿಲ್ಲ. ಅದಕ್ಕೆ ಒಳಗಿರುವುದನ್ನು ನಾನು ಬರೆಯುತ್ತೇನೆ.

ಹುಡುಗಿ. ಅವಸರದಲ್ಲಿ ಬಂದವಳು. ನಿನ್ನ ಅಂಗೈಯಿಂದ ಮೊಣಕೈವರೆಗೆ ಎಷ್ಟೋ ಅಷ್ಟೇ ಉದ್ದ. ಗಾಜಿನ ಪೆಟ್ಟಿಗೆಯೊಳಗೆ ಮಲಗಿದ್ದಾಳೆ, ಮೈತುಂಬ ಕೊಳವೆ. ಹೊದಿಸುವ ಹಾಗಿಲ್ಲ, ಎತ್ತುವ ಹಾಗಿಲ್ಲ. ಪೆಟ್ಟಿಗೆಯ ಬದಿಯಲ್ಲಿ ಕೈ ತೂರಿಸುವ ಕಿಂಡಿಯಿದೆ. ಅಲ್ಲಿಂದ ಒಂದು ಬೆರಳು ಮುಟ್ಟಿಸಬಹುದು. ಮುಟ್ಟಬೇಕು, ಸವರಬಾರದು ಎಂದು ಹಿರಿಯ ಸಿಸ್ಟರ್ ಹೇಳಿಕೊಟ್ಟರು. ಕೈ ಸುಮ್ಮನೆ ಮೇಲೆ ಇರಬೇಕಂತೆ.

ನಾನು ಕೌದಿಯನ್ನು ಮಡಿಲಲ್ಲಿ ಇಟ್ಟುಕೊಂಡು ಕೂತಿದ್ದೆ. ಹೊದಿಸಲಾಗದ ಮೇಲೆ ಇದೇಕೆ ಅಂದುಕೊಳ್ಳುತ್ತಿದ್ದೆ. ಆ ಕೋಣೆಯ ದೀಪಗಳು ಹಗಲೂ ರಾತ್ರಿಯೂ ಉರಿಯುತ್ತವೆ. ಇವಳು ಕಣ್ಣು ಹಿಂಡಿಕೊಂಡು ಮುಖ ಆ ಕಡೆ ಈ ಕಡೆ ಮಾಡುತ್ತಿದ್ದಳು. ಸಿಸ್ಟರ್ ಬಂದು, "ಏನಮ್ಮಾ ಅದು ಮಡಿಲಲ್ಲಿ?" ಅಂದರು. "ನಮ್ಮಪ್ಪ ಹೊಲಿದಿದ್ದು." ಬಿಡಿಸಿ ನೋಡಿದರು. "ಇಷ್ಟು ಬೇಗ ಬಂದ ಮಕ್ಕಳಿಗೆ ಇನ್ನೂ ಕತ್ತಲೆ ಬೇಕು. ನಾವು ಪೆಟ್ಟಿಗೆ ಮೇಲೆ ಟವೆಲ್ ಹಾಕ್ತೀವಿ. ಅದರ ಬದಲು ಇದನ್ನೇ ಹಾಕೋಣ, ಕೊಡು." ಬಿಸಿನೀರಿನಲ್ಲಿ ಒಗೆಸಿ, ಒಣಗಿಸಿ, ಮರುದಿನ ಗಾಜಿನ ಮೇಲೆ ಹೊದಿಸಿದರು.

ಅಂಚನ್ನು ಸ್ವಲ್ಪ ಎತ್ತಿ ಒಳಗೆ ಇಣುಕಿದೆ. ದೀಪದ ಬೆಳಕು ಬಟ್ಟೆಯಿಂದ ಸೋಸಿ ಇಳಿಯುತ್ತಿತ್ತು. ಬಿಳಿಯಿರುವಲ್ಲಿ ತಿಳಿ ಬೆಳಕು, ನೀಲಿಯಿರುವಲ್ಲಿ ನೆರಳು. ಇವಳ ಹಣೆಯ ಮೇಲೆ, ಎದೆಯ ಮೇಲೆ ಬಾತುಗಳ ನೆರಳು ಬಿದ್ದಿತ್ತು. ಇವಳು ಉಸಿರೆಳೆದಾಗ ಅವು ಏಳುತ್ತಿದ್ದವು, ಬಿಟ್ಟಾಗ ಇಳಿಯುತ್ತಿದ್ದವು. ಮುಖ ಹಿಂಡುವುದನ್ನು ನಿಲ್ಲಿಸಿದ್ದಳು.

ಏನಾಗುತ್ತದೋ ಯಾರೂ ಹೇಳುವುದಿಲ್ಲ. ನಾನೂ ಕೇಳುವುದಿಲ್ಲ.

ನಿನ್ನ ಮಗಳು


ಆಗಸ್ಟ್ ೧೧

ಮಗಳೇ,

ನಿನ್ನ ಪತ್ರವನ್ನು ನಿನ್ನ ಅತ್ತೆಗೆ ಓದಿ ಹೇಳಿದೆ. "ಇನ್ನೊಂದ್ಸಲ ಓದು" ಅಂದಳು. ಓದಿದೆ. "ಮೂಗು ಯಾರದ್ದು ಅಂತ ಬರೆದೇ ಇಲ್ವಲ್ಲ ಇವಳು" ಅಂತ ಬೈದಳು, ಬೈಯುತ್ತಲೇ ಅತ್ತಳು.

ಬಾಗಿಲಲ್ಲಿ ನಾನು ಹೇಳಬೇಕೆಂದಿದ್ದು ಸುಕ್ಕಿನ ಮಾತಲ್ಲ. ಹೋದ ಸಲ ನಾನು ಒಂದು ಮಾತೂ ಆಡದೆ ಶೆಡ್ಡಿಗೆ ಹೋಗಿ ಗರಗಸ ಹಾಕಿಕೊಂಡಿದ್ದೆ. ನಿನಗೆ ನೆನಪಿರಬಹುದು. ಈ ಸಲ ಹಾಗೆ ಮಾಡುವುದಿಲ್ಲ, ಏನೇ ಆದರೂ. ಇಷ್ಟೇ. ಸೊಂಟ ಸರಿಹೋಗುತ್ತಿದೆ.

ಇಂತಿ,
ಅಪ್ಪ


ಸೆಪ್ಟೆಂಬರ್ ೨

ಅಪ್ಪಾ,

ಮೂಗು ಅತ್ತೆಯದೇ. ಮೊದಲು ಅದನ್ನು ಹೇಳಿಬಿಡು, ಅವರು ನೆಮ್ಮದಿಯಾಗಿ ಊಟ ಮಾಡಲಿ.

ಇಂದು ಬೆಳಗ್ಗೆ ಹಾಲು ತೆಗೆದುಕೊಂಡು ಮಗುವಿನ ಕೋಣೆಗೆ ಹೋದೆ. ಬಾಗಿಲು ತಳ್ಳಿದಾಗ ಗಾಜಿನ ಪೆಟ್ಟಿಗೆಯ ಮೇಲೆ ಕೌದಿ ಇರಲಿಲ್ಲ. ಹಿರಿಯ ಸಿಸ್ಟರ್ ಅದನ್ನು ಎದೆಗೆ ಹಿಡಿದು, ಅಂಚಿಗೆ ಅಂಚು ಕೂಡಿಸಿ, ನೀಟಾಗಿ ಮಡಚುತ್ತಿದ್ದರು. ಮಡಚಿ ನನ್ನ ಕಡೆ ಚಾಚಿದರು. ನಾನು ಕೈ ನೀಡಲಿಲ್ಲ. ಕೈ ಎಲ್ಲಿದೆ ಎಂದೇ ತಿಳಿಯಲಿಲ್ಲ.

"ಏನಾಯ್ತು?" ಅಂದೆ ಅಂತ ಕಾಣುತ್ತದೆ.

"ಅಯ್ಯೋ, ಹೆದರಿದ್ಯಾ? ಏನಾಗ್ಲಿಲ್ಲಮ್ಮ. ಬೆಳಿಗ್ಗೆಯಿಂದ ಕೊಳವೆ ಇಲ್ದೆ ತಾನೇ ಉಸಿರಾಡ್ತಿದಾಳೆ ನಿನ್ನ ಮಗಳು. ಇನ್ನು ಕತ್ತಲೆ ಯಾಕೆ? ಬೆಳಕು ನೋಡ್ಲಿ."

ಕುರ್ಚಿ ಎಳೆದು ಕೂರಿಸಿದರು. ಪೆಟ್ಟಿಗೆಯ ಮುಚ್ಚಳ ತೆಗೆದರು. ಮೊದಲ ಸಲ ಅವಳ ಭಾರ ನನ್ನ ಕೈಗೆ ಬಂತು ಅಪ್ಪಾ. ಅಷ್ಟು ಹಗುರವಾದದ್ದಕ್ಕೆ ಅಷ್ಟು ಭಾರ ಇರುತ್ತದೆಂದು ಗೊತ್ತಿರಲಿಲ್ಲ. ಸಿಸ್ಟರ್ ಕೌದಿಯನ್ನು ಮತ್ತೆ ಬಿಡಿಸಿ, ಈ ಸಲ ನಮ್ಮಿಬ್ಬರ ಮೇಲೂ ಹೊದಿಸಿದರು. ಅವಳು ಒಂದು ಕಣ್ಣು ತೆರೆದು, ಆಮೇಲೆ ಇನ್ನೊಂದು ಕಣ್ಣು ತೆರೆದು, ನನ್ನ ಮುಖವನ್ನು ಬಿಟ್ಟು ಕಿಟಕಿಯನ್ನೇ ಬಹಳ ಹೊತ್ತು ನೋಡಿದಳು.

ನಿನ್ನ ಮಗಳು, ಮತ್ತು ಮೊಮ್ಮಗಳು